ಮೊಳೆಯಷ್ಟು ಸಂದು

ಏಪ್ರಿಲ್ ಕೊನೆ. ನದಿಯ ಮಂಜುಗಡ್ಡೆ ಒಡೆದು ಎರಡು ದಿನ.
ಟ್ರೇಲರ್ ಹತ್ತಿ ನಿಂತೆ ಅಷ್ಟೆ,
ಎಡಗಾಲು ಮೊಣಕಾಲವರೆಗೂ ಕೆಳಗಿಳಿಯಿತು.
ನೋವಾಗಲಿಲ್ಲ, ನಾಚಿಕೆಯಾಯಿತು:
ಮೇಲಿನಿಂದ ಮರದ ಹಾಗೇ ಕಾಣುತ್ತಿತ್ತು,
ಒಳಗೆ ನೆನೆಸಿದ ರೊಟ್ಟಿ.

"ಪ್ಲೈವುಡ್ ಹೊಡಿ, ಮುಗೀತು" ಅಂದ ಮೈದುನ ನಾರ್ಸಿಸ್,
ಬೇಲಿಯಾಚೆ ಕಾಫಿ ಹಿಡಿದು.
ಆರು ವರ್ಷದ ಕೆಳಗೆ
ಪ್ಲೈವುಡ್ ಹೊಡೆದವನು ಅವನೇ.

ತುಕ್ಕು ತಿಂದ ಬೋಲ್ಟುಗಳು ತಿರುಗಲಿಲ್ಲ.
ಕತ್ತರಿಸಿದೆ. ಕಿಡಿ ಹಾರಿ ತೋಳಿನ ಮೇಲೆ ಎರಡು ಚುಕ್ಕೆ.

ಅಂಗಡಿಯ ಹಸಿರು ಪೈನು ಬೇಡವೆನಿಸಿತು.
ಔಷಧಿ ಕುಡಿಸಿದ ಮರ, ಇನ್ನೂ ಒದ್ದೆ,
ಎತ್ತಿದ ಕೈಗೆಲ್ಲ ಆಸ್ಪತ್ರೆಯ ವಾಸನೆ.
ಅದು ಒಣಗಲು ಒಂದು ಬೇಸಿಗೆ ಬೇಕು,
ನನಗಿರುವುದು ಮೂರು ವಾರ.
ಮೇ ಇಪ್ಪತ್ತಕ್ಕೆ ಇಪ್ಪತ್ತನಾಲ್ಕು ಪೆಟ್ಟಿಗೆ ಜೇನು ಹೇರಿಕೊಂಡು
ಮೇನ್ ಕರಾವಳಿಯ ಬ್ಲೂಬೆರಿ ಬಯಲಿಗೆ ಇಳಿಯಬೇಕು,
ರಾತ್ರಿ ಪೂರ್ತಿ, ಇನ್ನೂರು ಮೈಲಿ.

ಓಕ್ ಕೇಳಿದೆ. ಬೆಲೆ ಕೇಳಿ ಸುಮ್ಮನಾದೆ.

"ಟ್ಯಾಮರಾಕ್ ಒಯ್ಯಿ" ಅಂದ ಗಿರಣಿಯ ಓಡಿಲಾನ್ ಪೆಲ್ಟಿಯೆ.
ಹೋದ ವರ್ಷ ಕೊಯ್ದು, ನಡುವೆ ಪಟ್ಟಿ ಕೊಟ್ಟು,
ತಗಡಿನಡಿ ಅಟ್ಟಿ ಹಾಕಿದ್ದು.
ಸೂಜಿಯೆಲೆಯ ಕುಲದಲ್ಲಿ ಹುಟ್ಟಿಯೂ ಆ ಮರ
ಅಕ್ಟೋಬರಿನಲ್ಲಿ ಹಳದಿಯಾಗಿ ಎಲ್ಲ ಉದುರಿಸಿಬಿಡುತ್ತದೆ;
ಹೊಸಬರು ಸತ್ತಿತೆಂದು ಕಡಿದು ಹಾಕುತ್ತಾರೆ.
"ಹುಟ್ಟಿದಾಗಿಂದ ಅದರ ಕಾಲು ಜವುಗಿನಲ್ಲೇ.
ನಿನ್ನ ಮಳೆಗೆ ಹೆದರುತ್ತದೆಯೆ?"

ಹಲಗೆಯ ತಲೆಯಲ್ಲಿ ಬಳೆ ಎಣಿಸಿದೆವು.
ಅಂಗುಲಕ್ಕೆ ಇಪ್ಪತ್ತಾರು.
ಇಪ್ಪತ್ತಾರು ಚಳಿಗಾಲ, ನನ್ನ ಹೆಬ್ಬೆರಳ ಒಂದು ಗೆಣ್ಣಿನಡಿ.
ಬಿಳಿ ಅಂಚಿನವು ಬೇಡ, ಚೇಗಿನವು ಬೇಕು;
ಒಂದೊಂದನ್ನೂ ಬಂದೂಕಿನಂತೆ ಕಣ್ಣಿಗೆ ಹಿಡಿದು
ಸೊಟ್ಟವನ್ನು ಪಕ್ಕಕ್ಕಿಟ್ಟೆ.
ಓಡಿಲಾನ್ ಸುಮ್ಮನೆ ನಿಂತಿದ್ದ,
ಹದಿಮೂರನೆಯದಕ್ಕೆ ಮಾತ್ರ ಬಾಯಿಬಿಟ್ಟ:
"ಇದು ಟ್ರೇಲರ್ ಮಾರಾಯ್ತಿ, ಪಿಟೀಲಲ್ಲ."

ತೊಗಟೆಯ ಮುಖ ಮೇಲೋ ಕೆಳಗೋ
ಎಂಬ ಜಗಳ ಈ ಕಣಿವೆಯಲ್ಲಿ ಇನ್ನೂ ತೀರಿಲ್ಲ.
ನಾನು ಚೆಂದದ ಮುಖವನ್ನು ಮೇಲಿಟ್ಟೆ.

ಎಣ್ಣೆಯ ವಿಷಯಕ್ಕೂ ತಲೆಗೊಂದು ಮಾತು.
ಹಳೇ ಇಂಜಿನ್ ಆಯಿಲಿಗೆ ಡೀಸೆಲ್ ಬೆರೆಸು, ಪುಕ್ಕಟೆ.
ಅಪ್ಪನೂ ಹಾಗೇ ಮಾಡುತ್ತಿದ್ದ, ಹೇರುತ್ತಿದ್ದದ್ದು ಆಲೂಗಡ್ಡೆ.
ಆಲೂಗಡ್ಡೆಗೆ ಮೂಗಿಲ್ಲ.
ಜೇನಿಗಿದೆ.
ಅಗಸೆ ಎಣ್ಣೆ ತಂದೆ, ಅರ್ಧಕ್ಕರ್ಧ ಟರ್ಪೆಂಟೈನ್,
ಮೇಲೆ, ಕೆಳಗೆ, ಅಂಚಿಗೆ,
ಕೊಯ್ದ ತುದಿಗೆ ಮೂರು ಸಲ:
ಮರ ಕುಡಿಯುವುದು ತುದಿಯಿಂದ.

ಒರೆಸಿದ ಬಟ್ಟೆಗಳನ್ನು ಬೇಲಿಯ ಮೇಲೆ ಹರವಿದೆ.
ಮುದುರಿ ಮೂಲೆಗೆಸೆದರೆ
ಯಾರೂ ಕಡ್ಡಿ ಗೀರದೆಯೂ ಹತ್ತಿಕೊಳ್ಳುತ್ತವೆ.
ನಮ್ಮ ಮನೆಯಲ್ಲೂ ಅಂಥವರಿದ್ದರು.

ಉಕ್ಕಿನ ಅಡ್ಡಪಟ್ಟಿಗೆ ಬಿಗಿಯುವಾಗ
ಹಲಗೆ ಹಲಗೆಯ ನಡುವೆ ಒಂದು ಮೊಳೆ ನಿಲ್ಲಿಸಿದೆ.
ಮೊಳೆಯಷ್ಟು ಸಂದು:
ನೀರಿಗೆ ದಾರಿ, ಉಬ್ಬಿದರೆ ಜಾಗ.
ನಾರ್ಸಿಸ್ ಬಗ್ಗಿ ನೋಡಿ
"ಒತ್ತಿ ಕೂರಿಸಬಹುದಿತ್ತು" ಅಂದ.
ಮೊಳೆಯನ್ನು ಅವನ ಕೈಗೆ ಕೊಟ್ಟೆ.
ಜೇಬಿಗೆ ಹಾಕಿಕೊಂಡು ಹೋದ.

ಒಣಗಲೆಂದು ಬಿಟ್ಟ ನಾಲ್ಕನೆಯ ಮಧ್ಯಾಹ್ನ ಬಿಸಿಲು ಬಂತು.
ಬಲ ಅಂಚಿನ ಹಲಗೆಯ ಗಂಟೊಂದು
ನನ್ನ ಎಣ್ಣೆಯನ್ನು ಒಲ್ಲದೆ
ತನ್ನದೇ ಅಂಟು ಸುರಿಸುತ್ತಿತ್ತು.
ಒರೆಸಲು ಬಟ್ಟೆ ಹಿಡಿದು ಹೋದರೆ
ಅಲ್ಲಿ ಆಗಲೇ ಒಂದು ಜೇನು,
ಆಮೇಲೆ ಮೂರು,
ದವಡೆಯಿಂದ ಕೆರೆದು ಕೆರೆದು
ಹಿಂಗಾಲಿಗೆ ಮೆತ್ತಿಕೊಳ್ಳುತ್ತಿವೆ.
ಅವುಗಳ ಮನೆಯಲ್ಲಿ ಗಾಳಿ ನುಸುಳಕೂಡದು,
ಬಿರುಕು ಕಂಡಲ್ಲೆಲ್ಲ ಮರದಂಟು ಮೆತ್ತುತ್ತವೆ.
ಮೂರು ದಿನ ಬಗ್ಗಿ ನಾನು ಸಂದು ಬಿಟ್ಟೆ;
ಅದೇ ಮರ ಕೆರೆದು
ಅವು ಸಂದು ಮುಚ್ಚಲು ಹೊರಟಿವೆ.

ಬಟ್ಟೆಯನ್ನು ಬೇಲಿಗೇ ಮರಳಿಸಿದೆ.
ಮೇ ಇಪ್ಪತ್ತಕ್ಕೆ ಇನ್ನು ಹದಿಮೂರು ದಿನ.
ಆ ಗಂಟಿನ ಮೇಲೆ ಪೆಟ್ಟಿಗೆ ಇಡುವುದಿಲ್ಲ.